ನಾಲ್ಕು ಕಳಾವರ್ ಯಾರಿಗೂ ಬೇಡ

(ಸಹಾಯಾರ್ಥ ಕಲಾ ಪ್ರದರ್ಶನ ಮಾಡಬೇಕು ಅಂತ ಹೊರಟಿದ್ದ ಒಂದು ಗುಂಪಿನ ಮುಂದೆ ಆಡಿದ ಮಾತುಗಳು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮೈಕು ಕೈಕೊಟ್ಟ ಐದು ನಿಮಿಷ ಬಿಟ್ಟಿದ್ದೇನೆ, ಮಿಕ್ಕಿದ್ದು ಹೆಚ್ಚೂಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮುಂಚೆ ಒಂದು ಚಿಕ್ಕ ಆಟ. ಎಲ್ಲರೂ ಮನಸ್ಸಿನಲ್ಲೇ ಒಂದು ಇಸ್ಪೀಟೆಲೆ ನೆನೆಸಿಕೊಳ್ಳಿ. ಜಾಸ್ತಿ ಯೋಚನೆ ಬೇಡ, ಮೊದಲು ಯಾವುದು ಹೊಳೆಯಿತೋ ಅದು. ಆಯ್ತಾ? ಈಗ ಕೈ ಎತ್ತಿ. ಇಸ್ಪೀಟು ಎಕ್ಕ? ನೋಡಿ, ಎಷ್ಟೊಂದು ಕೈ. ಆಟಿನ್ ರಾಣಿ? ಮತ್ತೆ ಅಷ್ಟೇ ಇವೆ. ನಾಲ್ಕು ಕಳಾವರ್? ಹಿಂದಿನ ಸಾಲಿನಲ್ಲಿ ಒಬ್ಬರು ನನ್ನ ಸಮಾಧಾನಕ್ಕೆ ಎತ್ತಿದ್ದಾರೆ, ಥ್ಯಾಂಕ್ಸ್.

ಜಾದೂ ಮಾಡುವವರಿಗೆ ಇದು ಹಳೇ ಗುಟ್ಟು. ಯಾರನ್ನು ಕೇಳಿದರೂ ಎಕ್ಕನೋ ರಾಣಿಯೋ ರಾಜನೋ ಹೊಳೆಯುತ್ತದೆ. ಚಿಲ್ಲರೆ ಎಲೆ ಯಾರ ತಲೆಗೂ ಬರುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಜಾದೂಗಾರರಿಂದ ಅಲ್ಲ, ಕಲಾವಿದರಿಂದ. ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ನಾವು ಒಂದಷ್ಟು ಜನ ಸೇರಿ ಒಂದು ಪ್ರದರ್ಶನ ಮಾಡಿದೆವು. 52 ಕಲಾವಿದರು, ಒಬ್ಬೊಬ್ಬರಿಗೆ ಒಂದೊಂದು ಎಲೆ. ಐಡಿಯಾ ಕೇಳಿದವರೆಲ್ಲ ಕುಣಿದಾಡಿದರು. ನಿಮಗೆ ಯಾವ ಎಲೆ ಬೇಕು ಅಂತ ನಾವು ಕೇಳಿದೆವು, ಅಲ್ಲೇ ಕೆಟ್ಟಿತು. ಇಸ್ಪೀಟು ಎಕ್ಕಕ್ಕೆ ಹನ್ನೊಂದು ಜನ. ಆಟಿನ್ ರಾಣಿಗೆ ಒಂಬತ್ತು. ಜೋಕರ್ ಕೊಡ್ತೀರಾ ಅಂತ ಆರು ಜನ. ಒಂದು ಕಟ್ಟಿನಲ್ಲಿ ಎಕ್ಕ ನಾಲ್ಕು, ರಾಜ ರಾಣಿ ಗುಲಾಮರು ಸೇರಿ ಹನ್ನೆರಡು. ಉಳಿದ 36 ಎಲೆ ಬರೀ ಅಂಕಿ. ಅಂದರೆ ಕಟ್ಟಿನ ಮುಕ್ಕಾಲು ಭಾಗದ ಹತ್ತಿರ ಹತ್ತಿರ ಯಾರಿಗೂ ಬೇಡದ ಮಾಲು!

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಆ 36 ಎಲೆಗಳ ಪರವಾಗಿ.

ಅದಕ್ಕೆ ಮುಂಚೆ ಒಂದು ಆಕ್ಷೇಪಣೆ ಮುಗಿಸಿಬಿಡೋಣ, ಯಾಕೆಂದರೆ ನಿಮ್ಮನ್ನೂ ಯಾರಾದರೂ ಕೇಳೇ ಕೇಳುತ್ತಾರೆ. ಪುಣ್ಯದ ಕೆಲಸಕ್ಕೆ ಇಸ್ಪೀಟೇ ಬೇಕಿತ್ತಾ? ಜೂಜಿನ ಸಾಮಾನಿಟ್ಟುಕೊಂಡು ದಾನ ಕೇಳ್ತೀರಾ? ನಮ್ಮ ದೇಣಿಗೆದಾರರೊಬ್ಬರು ಇದೇ ಕಾರಣಕ್ಕೆ ಹಿಂದೆ ಸರಿದರು. ಅವರ ಮಾತಿನಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ. ಈ ಎಲೆ ಮನೆ ಹಾಳು ಮಾಡಿದೆ, ನಿಜ. ಆದರೆ ಅದು ಬೇರೆ ಕೆಲಸಗಳನ್ನೂ ಮಾಡಿದೆ.

1685ರ ಕೆನಡಾ. ಆಗ ಅದು ಫ್ರೆಂಚರ ವಸಾಹತು. ಫ್ರಾನ್ಸಿನಿಂದ ನಾಣ್ಯ ತರಬೇಕಾದ ಹಡಗು ಇನ್ನೂ ಬಂದಿರಲಿಲ್ಲ, ಸಿಪಾಯಿಗಳಿಗೆ ಸಂಬಳ ಕೊಡಲು ಕೈಯಲ್ಲಿ ಕಾಸಿಲ್ಲ. ಅಲ್ಲಿನ ಆಡಳಿತಾಧಿಕಾರಿ ಜಾಕ್ ದ ಮೂಲ್ ಅನ್ನುವವರು ಏನು ಮಾಡಿದರು ಗೊತ್ತಾ? ಊರಲ್ಲಿ ಇದ್ದ ಇಸ್ಪೀಟೆಲೆಗಳನ್ನು ತರಿಸಿ, ಮೊತ್ತ ಬರೆದು, ಸಹಿ ಹಾಕಿ, ಮೊಹರು ಒತ್ತಿ, ಇದೇ ದುಡ್ಡು ತಗೊಳ್ಳಿ ಅಂದುಬಿಟ್ಟರು. ಹಡಗು ಬಂದ ಮೇಲೆ ಎಲೆ ವಾಪಸ್ ಕೊಟ್ಟು ನಾಣ್ಯ ತಗೊಳ್ಳಬಹುದಿತ್ತು. ಆಮೇಲೂ ಬಹಳ ವರ್ಷ ಅಲ್ಲಿ ಎಲೆ ದುಡ್ಡು ಮತ್ತೆ ಮತ್ತೆ ಬಂತು.

ಇದು ಹೇಗೆ ಸಾಧ್ಯ ಆಯ್ತು ಅಂದರೆ, ಆಗ ಎಲೆಯ ಬೆನ್ನು ಖಾಲಿ ಇರುತ್ತಿತ್ತು. ಬರೀ ಬಿಳಿ. ಗಟ್ಟಿ ಕಾಗದ, ಒಂದು ಕಡೆ ಖಾಲಿ. ಜನ ಬಿಡ್ತಾರಾ? ಚೀಟಿ ಬರೆದರು, ಲೆಕ್ಕ ಬರೆದರು, ಊಟದ ಕರೆಯೋಲೆ ಬರೆದರು. ಬೆನ್ನ ಮೇಲೆ ವಿನ್ಯಾಸ ಅಚ್ಚು ಹಾಕುವುದು ಎಲ್ಲ ಕಡೆ ರೂಢಿಯಾಗಿದ್ದು 19ನೇ ಶತಮಾನದಲ್ಲಿ.

ಇನ್ನೊಂದು ಕಥೆ ನನ್ನನ್ನು ಸ್ವಲ್ಪ ಕಾಡಿದ್ದು. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಾಕಲಾಗದೆ ಕೂಸನ್ನು ಬಿಟ್ಟು ಹೋಗುವ ತಾಯಂದಿರು ಕೆಲವರು ಮಗುವಿನ ಬಟ್ಟೆಯಲ್ಲಿ ಒಂದು ಇಸ್ಪೀಟೆಲೆ ಸಿಕ್ಕಿಸಿ ಹೋಗುತ್ತಿದ್ದರು. ಬೆನ್ನ ಮೇಲೆ ಮಗುವಿನ ಹೆಸರು, ಎರಡು ಸಾಲು. ಕೆಲವೊಮ್ಮೆ ಅರ್ಧ ಎಲೆ. ಮಿಕ್ಕರ್ಧ ತಾಯಿ ಹತ್ತಿರ. ಮುಂದೊಂದು ದಿನ ಕಾಲ ನೆಟ್ಟಗಾದರೆ ಆ ತುಂಡು ತಂದು ಈ ತುಂಡಿಗೆ ಕೂಡಿಸಿ, ಇದು ನನ್ನ ಮಗು ಅಂತ ತೋರಿಸಬಹುದು. ಆ ಎಲೆಗಳು ಇವತ್ತಿಗೂ ಅಲ್ಲಿನ ದಾಖಲೆಗಳ ನಡುವೆ ಇವೆ. ದಾನಧರ್ಮಕ್ಕೂ ಇಸ್ಪೀಟೆಲೆಗೂ ಏನು ಸಂಬಂಧ ಅಂತ ಕೇಳಿದವರಿಗೆ ನಾನು ಇದನ್ನು ಹೇಳಿ ಸುಮ್ಮನಾಗುತ್ತೇನೆ.

ಸರಿ, ಚಿತ್ರಕ್ಕೆ ಬರೋಣ.

ಕಲಾವಿದರು ರಾಜ ರಾಣಿಯರ ಹಿಂದೆ ಓಡುವುದು ಹೊಸದೇನೂ ಅಲ್ಲ. 1940ರ ಚಳಿಗಾಲ, ಫ್ರಾನ್ಸಿನ ಮಾರ್ಸೇ ಪಟ್ಟಣ. ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಡಬೇಕಾದ ಬರಹಗಾರರು, ಚಿತ್ರಕಾರರು ಊರ ಹೊರಗಿನ ಒಂದು ಹಳೇ ಬಂಗಲೆಯಲ್ಲಿ ವೀಸಾಕ್ಕೆ ಕಾಯುತ್ತಾ ಕೂತಿದ್ದರು. ಅವರನ್ನು ಹೊರಗೆ ಸಾಗಿಸಲು ಹೆಣಗುತ್ತಿದ್ದವರು ವೇರಿಯನ್ ಫ್ರೈ ಅನ್ನುವ ಅಮೆರಿಕನ್ ಪತ್ರಕರ್ತ. ಅವರ ಹಿಂದಿದ್ದಿದ್ದು ನ್ಯೂಯಾರ್ಕಿನಲ್ಲಿ ಜನರಿಂದ ಚಂದಾ ಎತ್ತಿ ನಡೆಸುತ್ತಿದ್ದ ಒಂದು ಸಮಿತಿ. ಅಂದರೆ ಅದೂ ನಮ್ಮ ಥರದ್ದೇ ಕೆಲಸ. ಹೊತ್ತು ಹೋಗಬೇಕಲ್ಲ, ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೋನ್ ಮತ್ತು ಗೆಳೆಯರು ಸೇರಿ ತಮ್ಮದೇ ಇಸ್ಪೀಟು ಕಟ್ಟು ಬರೆದರು. ನಾಲ್ಕು ಜಾತಿ ಬದಲಾಯಿಸಿದರು: ಪ್ರೀತಿಗೆ ಜ್ವಾಲೆ, ಕನಸಿಗೆ ಕಪ್ಪು ನಕ್ಷತ್ರ, ಕ್ರಾಂತಿಗೆ ರಕ್ತ ಮೆತ್ತಿದ ಚಕ್ರ, ಜ್ಞಾನಕ್ಕೆ ಬೀಗದ ಕಿಂಡಿ. ರಾಜ ಬೇಡ, ಅವನ ಜಾಗಕ್ಕೆ ಪ್ರತಿಭಾವಂತ ಬರಲಿ ಅಂದರು. ರಾಣಿಯ ಜಾಗಕ್ಕೆ ಮೋಹಿನಿ, ಗುಲಾಮನ ಜಾಗಕ್ಕೆ ಮಾಂತ್ರಿಕ. ಫ್ರಾಯ್ಡ್ ಬಂದ, ಹೆಗೆಲ್ ಬಂದ, ಕಥೆ ಪುಸ್ತಕದ ಆಲಿಸ್ ಬಂದಳು. ಮ್ಯಾಕ್ಸ್ ಅರ್ನ್ಸ್ಟ್, ವಿಫ್ರೆಡೋ ಲಾಮ್, ವಿಕ್ಟರ್ ಬ್ರೌನರ್ ಎಲ್ಲ ಕುಂಚ ಹಿಡಿದರು. ಪ್ರಾಣ ಕೈಯಲ್ಲಿ ಹಿಡಿದುಕೊಂಡು ಕೂತವರು ಮಾಡಿದ ಆಟ ಇದು, ನನಗೆ ಬಹಳ ಇಷ್ಟ.

ಆದರೆ ಲೆಕ್ಕ ನೋಡಿ. ಎಂಟು ಜನ, ತಲಾ ಎರಡು, ಒಟ್ಟು 16 ಚಿತ್ರ. ನಾಲ್ಕು ಎಕ್ಕ, ಹನ್ನೆರಡು ಮುಖದ ಎಲೆ. ಮುಗೀತು! ಜಗತ್ತಿನ ಎಲ್ಲ ನಿಯಮ ಮುರಿಯುತ್ತೇವೆ ಅಂತ ಹೊರಟವರೂ ನಾಲ್ಕು ಕಳಾವರ್ ಮುಟ್ಟಲಿಲ್ಲ.

ಮುಟ್ಟಿದವರೂ ಇದ್ದಾರೆ. 15ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಕಡೆ ಒಬ್ಬ ತಾಮ್ರದ ತಗಡಿನ ಮೇಲೆ ಕೊರೆದು ಇಸ್ಪೀಟೆಲೆ ಅಚ್ಚು ಹಾಕಿದ. ಅವನ ಹೆಸರು ಯಾರೂ ಬರೆದಿಡಲಿಲ್ಲ, ಹಾಗಾಗಿ ಇತಿಹಾಸಕಾರರು ಅವನನ್ನು 'ಇಸ್ಪೀಟಿನ ಮೇಸ್ತ್ರಿ' ಅಂತಲೇ ಕರೆಯುತ್ತಾರೆ. ಯುರೋಪಿನ ಮುದ್ರಣ ಕಲೆಯ ಮೊದಲ ದೊಡ್ಡ ಕೈ ಅವನದು. ಅವನ ಎಲೆಗಳಲ್ಲಿ ಜಾತಿ ಅಂದರೆ ಹಕ್ಕಿ, ಜಿಂಕೆ, ಹೂವು, ಕಾಡುಮನುಷ್ಯರು. ಈಗ ಅವನ ಹಕ್ಕಿಗಳ ಎಲೆ ಒಂದನ್ನು ನೋಡಿದರೆ, ಒಂದೇ ಹಕ್ಕಿಯನ್ನು ಸಾಲಾಗಿ ಒತ್ತಿಲ್ಲ. ಒಂದು ರೆಕ್ಕೆ ಕೆದರಿದೆ, ಒಂದು ಕತ್ತು ಹಿಂದಕ್ಕೆ ತಿರುಗಿಸಿ ಬೆನ್ನು ಕೆರೆದುಕೊಳ್ಳುತ್ತಿದೆ. ಚಿಲ್ಲರೆ ಎಲೆಯಲ್ಲಿ ಅವನಿಗೆ ಕೈ ಬೀಸಲು ಜಾಸ್ತಿ ಜಾಗ ಸಿಕ್ಕಿತು, ಅಷ್ಟೇ.

ನಮ್ಮ ಹಳೇ ಕಾಲದ ಇಸ್ಪೀಟು ಗಂಜೀಫಾ ಹೇಳದೆ ಮುಂದೆ ಹೋದರೆ ನೀವು ಬಿಡಲ್ಲ. ದಶಾವತಾರ ಗಂಜೀಫಾದಲ್ಲಿ 120 ಗುಂಡನೆಯ ಎಲೆ. ಹತ್ತು ಅವತಾರ, ಒಂದೊಂದಕ್ಕೂ ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತು. ಅಂದರೆ 120ರಲ್ಲಿ 100 ಅಂಕಿಯ ಎಲೆ! ಮತ್ಸ್ಯದ ಐದು ಅಂದರೆ ಐದು ಮೀನು, ಅದೂ ಕೈಯಲ್ಲೇ ಬರೆದದ್ದು. ಇನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಬೇರೆಯದೇ ಹುಚ್ಚು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕ ನಿಧಿ ಭಾಗದಲ್ಲಿ ಬರುವ ಛದದ ಆಟಗಳಲ್ಲಿ ಎಲೆಗಳ ಲೆಕ್ಕ 36ರಿಂದ ಶುರುವಾಗಿ 360ರವರೆಗೂ ಹೋಗುತ್ತದೆ. 360 ಎಲೆ ಕಲೆಸುವುದು ಹೇಗೆ ಅಂತ ನನಗೆ ಇವತ್ತಿಗೂ ಕುತೂಹಲ. ಅಂದಹಾಗೆ ಛದ ಅಂದರೂ ಎಲೆಯೇ.

ಆದರೆ ನಮ್ಮ 36 ಎಲೆಗಳ ನಿಜವಾದ ಮನೆದೇವರು ಬೇರೆ. 1805ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಕೋಟಾ ಅನ್ನುವ ಪ್ರಕಾಶಕರು ಒಂದು ಇಸ್ಪೀಟು ಕಟ್ಟು ಹೊರತಂದರು. ಇದನ್ನು ಟ್ರಾನ್ಸ್‌ಫರ್ಮೇಷನ್ ಎಲೆ ಅಂತಾರೆ. ನಿಯಮ ಸುಲಭ, ಪಾಲಿಸುವುದು ಕಷ್ಟ: ಎಲೆಯ ಮೇಲಿನ ಗುರುತುಗಳು ಎಲ್ಲಿವೆಯೋ ಅಲ್ಲೇ ಇರಬೇಕು, ಆಕಾರ ಬದಲಾಗಬಾರದು, ಎಣಿಸಿದರೆ ಲೆಕ್ಕ ಸರಿ ಬರಬೇಕು, ಅಷ್ಟನ್ನೂ ಉಳಿಸಿಕೊಂಡು ಅವುಗಳ ಸುತ್ತ ಒಂದು ಚಿತ್ರ ಹುಟ್ಟಬೇಕು. ಆಟಿನ್ ಗುರುತು ಒಬ್ಬನ ಮುಖವಾಗಬಹುದು, ಡೈಮನ್ ಒಂದು ಕಿಟಕಿಯಾಗಬಹುದು. 19ನೇ ಶತಮಾನವಿಡೀ ಯುರೋಪಿನಲ್ಲಿ ಇದೊಂದು ಗೀಳು. ಇಲ್ಲಿ ರಾಜ ರಾಣಿಗೆ ಬೆಲೆಯೇ ಇಲ್ಲ, ಮಜಾ ಇರುವುದೆಲ್ಲ ಎರಡರಿಂದ ಹತ್ತರವರೆಗೆ.

ನಾವು ಎರಡನೇ ವರ್ಷ ಈ ನಿಯಮವನ್ನೇ ಎತ್ತಿಕೊಂಡೆವು. ಯಾವ ಎಲೆ ಬೇಕು ಅಂತ ಕೇಳಲೇ ಇಲ್ಲ. ಎಲ್ಲರನ್ನೂ ಕರೆದು, ಕಟ್ಟು ಕಲೆಸಿ, ಕಟ್ ಮಾಡಿಸಿ, ಆಟಕ್ಕೆ ಹಂಚುವ ಹಾಗೆ ಹಂಚಿಬಿಟ್ಟೆವು. ಬಂದದ್ದು ಬಂತು, ಅದಲು ಬದಲು ಇಲ್ಲ.

ನಾಲ್ಕು ಕಳಾವರ್ ಹೋಗಿದ್ದು ಬೋರ್ಡ್ ಬರೆಯುವ ಹಿರಿಯರೊಬ್ಬರ ಕೈಗೆ. ಎಲೆ ನೋಡಿ, 'ನಂಗೇ ಬರಬೇಕಿತ್ತಾ ಇದು' ಅಂದರು. ಪಕ್ಕದಲ್ಲಿ ಕೂತ ಹುಡುಗಿಗೆ ಇಸ್ಪೀಟು ರಾಣಿ ಬಂದಿತ್ತು, ಅದನ್ನೊಮ್ಮೆ ನೋಡಿದರು, ತಮ್ಮದನ್ನು ಜೇಬಿಗೆ ಹಾಕಿಕೊಂಡರು. ಮೂರು ವಾರ ಸುದ್ದಿಯಿಲ್ಲ. ನಾಲ್ಕನೇ ವಾರ ತಂದುಕೊಟ್ಟರು. ಮೇಲುನೋಟಕ್ಕೆ ಅದು ಆಡುವ ನಾಲ್ಕು ಕಳಾವರ್ ಥರವೇ ಇತ್ತು. ನಾನಂತೂ, ಇವರಿಗೆ ನಿಜವಾಗಿ ಬೇಜಾರಾಗಿದೆ, ಖಾಲಿ ವಾಪಸ್ ಕೊಟ್ಟಿದ್ದಾರೆ ಅಂದುಕೊಂಡೆ.

ಈಗ ಮನೆಗೆ ಹೋಗಿ ಒಂದು ನಾಲ್ಕು ಕಳಾವರ್ ತೆಗೆದು ನೋಡಿ. ಮೇಲಿನ ಎರಡು ಗುರುತು ನೆಟ್ಟಗಿವೆ, ಕೆಳಗಿನ ಎರಡು ತಲೆಕೆಳಗಾಗಿವೆ. ಎಲೆಯನ್ನು ಯಾವ ಕಡೆಯಿಂದ ಹಿಡಿದರೂ ಒಂದೇ ಥರ ಕಾಣಲಿ ಅಂತ ಹಾಗೆ. ಅವರು ಮಾಡಿದ್ದು ಇಷ್ಟೇ. ಎಲೆಯ ನಡುವೆ ಅಡ್ಡಕ್ಕೆ ಒಂದು ತೆಳ್ಳನೆ ಗೆರೆ ಎಳೆದಿದ್ದರು. ಗೆರೆಯ ಕೆಳಗಿನ ಎರಡು ಕಳಾವರ್‌ಗಳ ಕಪ್ಪನ್ನು ಒಂದು ಚೂರು ಪೇಲವ ಮಾಡಿ, ಅಂಚು ಅಲ್ಲಲ್ಲಿ ಒಡೆದಿದ್ದರು. ನೋಡಿದರೆ ಕೆರೆ! ದಂಡೆಯ ಮೇಲೆ ಎರಡು ಮರ, ನೀರಲ್ಲಿ ಅವುಗಳ ನೆರಳು. ಕಳಾವರ್‌ಗೆ ಮೊದಲೇ ಕಾಂಡ ಇದೆ, ಮೂರು ಗುಂಡು ಸೊಪ್ಪಿದೆ, ಮರ ಆಗಲು ಇನ್ನೇನು ಬೇಕು? ಅದು ಅಷ್ಟು ವರ್ಷದಿಂದ ಅಲ್ಲೇ ಇತ್ತು, ನಾನು ಎಷ್ಟು ಸಲ ಆ ಎಲೆ ಕೈಗೆ ಬಂತಲ್ಲಾ ಅಂತ ಬೈದುಕೊಂಡು ಎಸೆದಿದ್ದೇನೋ.

ಈ ತಲೆಕೆಳಗಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ, ಚಿತ್ರ ಬರೆಯುವವರಿಗೆ ಉಪಯೋಗಕ್ಕೆ ಬರುತ್ತದೆ. ಎಲ್ಲ ಎಲೆಗಳೂ ಎರಡು ಕಡೆಯಿಂದ ಒಂದೇ ಥರ ಇಲ್ಲ. ಡೈಮನ್‌ಗೆ ಮೇಲು ಕೆಳಗು ಇಲ್ಲ, ಹಾಗಾಗಿ ಆ ಜಾತಿಯಲ್ಲಿ ಏಳು ಒಂದನ್ನು ಬಿಟ್ಟರೆ ಎಲ್ಲವೂ ತಿರುಗಿಸಿದರೂ ಅವೇ. ಏಳರಲ್ಲಿ ನಡುವಿನ ಒಂಟಿ ಗುರುತು ಸ್ವಲ್ಪ ಮೇಲಕ್ಕೆ ಇರುತ್ತದಲ್ಲ, ತಿರುಗಿಸಿದರೆ ಅದು ಕೆಳಗೆ ಇಳಿದುಬಿಡುತ್ತದೆ. ಬೇರೆ ಮೂರು ಜಾತಿಗಳಲ್ಲಿ ಎರಡು, ನಾಲ್ಕು, ಹತ್ತು ಬಿಟ್ಟರೆ ಉಳಿದ ಅಂಕಿಗಳಿಗೆಲ್ಲ ತಲೆ ಯಾವುದು ಕಾಲು ಯಾವುದು ಅಂತ ಇದೆ. ನಿಮ್ಮ ಕೈಗೆ ಒಂಬತ್ತು ಆಟಿನ್ ಬಂದರೆ ಐದು ನೆಟ್ಟಗೆ, ನಾಲ್ಕು ಬುಡಮೇಲು. ಇನ್ನು ಇಸ್ಪೀಟು ಗುರುತು ತಿರುಗಿಸಿದರೆ ತೊಟ್ಟಿರುವ ಅರಳಿ ಎಲೆ. ಇಷ್ಟು ಸಾಕು, ಚಿತ್ರ ಅರ್ಧ ಆದ ಹಾಗೆ.

ಮುಖದ ಎಲೆ ಸಿಕ್ಕವರ ಗೋಳು ಬೇರೆ. ಅವರಿಗೆ ಎಲ್ಲವೂ ಇದೆ, ಮಾಡಲು ಏನೂ ಉಳಿದಿಲ್ಲ. ಮೊದಲ ವರ್ಷ ನಮಗೆ ಬಂದ ರಾಣಿಯರೆಲ್ಲ ಒಂದೇ ಥರ ಇದ್ದರು, ಕೈಯಲ್ಲಿ ಮೊಬೈಲು, ಕಣ್ಣಿಗೆ ಕರಿ ಕನ್ನಡಕ. ಒಬ್ಬರು ಮಾತ್ರ ಆಟಿನ್ ರಾಜನ ಕತ್ತಿಯ ಹಿಂದೆ ಬಿದ್ದರು. ಅವನು ತಲೆಗೆ ಕತ್ತಿ ತಿವಿದುಕೊಂಡ ಹಾಗೆ ಕಾಣುತ್ತಾನಲ್ಲ, ಅದಕ್ಕೆ ಆತ್ಮಹತ್ಯೆ ರಾಜ ಅಂತಲೂ ಹೆಸರು. ಹಳೇ ಕಟ್ಟುಗಳಲ್ಲಿ ಅವನ ಕೈಯಲ್ಲಿ ಇದ್ದಿದ್ದು ಕೊಡಲಿ. ಅಚ್ಚಿನಿಂದ ಅಚ್ಚಿಗೆ ನಕಲಾಗುತ್ತಾ ಕೊಡಲಿಯ ತಲೆ ಅಂಚಿನಲ್ಲಿ ಕತ್ತರಿಸಿ ಹೋಯಿತು, ಉಳಿದ ಹಿಡಿಯೇ ಕತ್ತಿಯಾಯಿತು. ನಮ್ಮ ಕಲಾವಿದೆ ಅವನಿಗೆ ಕೊಡಲಿ ವಾಪಸ್ ಕೊಟ್ಟು, ಪಕ್ಕದಲ್ಲಿ ಒಂದು ರಾಶಿ ಸೌದೆ ಬರೆದರು.

ಇಸ್ಪೀಟು ಎಕ್ಕ ಅಷ್ಟು ದೊಡ್ಡದಾಗಿ, ಅಲಂಕಾರವಾಗಿ ಯಾಕಿರುತ್ತದೆ ಗೊತ್ತಾ? ಇಂಗ್ಲೆಂಡಿನಲ್ಲಿ ಇಸ್ಪೀಟಿಗೆ ತೆರಿಗೆ ಇತ್ತು. 1765ರಿಂದ ಆ ಒಂದು ಎಲೆಯನ್ನು ಸರ್ಕಾರವೇ ಅಚ್ಚು ಹಾಕಿ ಕೊಡುತ್ತಿತ್ತು, ತೆರಿಗೆ ಕಟ್ಟಿದ್ದಕ್ಕೆ ರಸೀದಿ ಇದ್ದ ಹಾಗೆ. 1805ರಲ್ಲಿ ರಿಚರ್ಡ್ ಹಾರ್ಡಿಂಗ್ ಅನ್ನುವವನಿಗೆ ನಕಲಿ ಎಕ್ಕ ಮಾಡಿದ್ದಕ್ಕೆ ಗಲ್ಲು ಆಯಿತು. ಇಷ್ಟೆಲ್ಲ ಆದಮೇಲೂ ಆ ಎಕ್ಕವೇ ಎಲ್ಲರಿಗೂ ಬೇಕು. ಇರಲಿ.

ಈಗ ಸ್ವಲ್ಪ ಕೆಲಸದ ಮಾತು, ನಾವು ಕೈ ಸುಟ್ಟುಕೊಂಡು ಕಲಿತದ್ದು.

ಆಡುವ ಎಲೆಯ ಮೇಲೆ ನೇರ ಬಣ್ಣ ಹಚ್ಚಬೇಡಿ. ಮೊದಲ ವರ್ಷ ನಾವು ಮಾಡಿದ್ದು ಅದನ್ನೇ. ಎಲೆ ಜಾರಲಿ ಅಂತ ಅದಕ್ಕೆ ಮೆರುಗಿನ ಲೇಪ ಇರುತ್ತದೆ, ಬಣ್ಣ ಅದನ್ನು ಹಿಡಿಯುವುದಿಲ್ಲ. ಗೋಡೆಗೆ ಹಾಕಿದಾಗ ಚೆನ್ನಾಗೇ ಇತ್ತು, ಕೊಂಡವರು ಲಕೋಟೆಯಿಂದ ತೆಗೆದಾಗ ಏಳು ಡೈಮನ್‌ನ ಮೂರು ಡೈಮನ್ ಲಕೋಟೆಯ ಒಳಗೇ ಉಳಿದಿತ್ತು. ಒಬ್ಬರು ನಕ್ಕರು, ಒಬ್ಬರು ನಗಲಿಲ್ಲ, ಹಣ ವಾಪಸ್ ಕೊಟ್ಟೆವು. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಜೆಸ್ಸೋ, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಬಿಳಿ ಲೇಪ, ಒಂದು ಕೈ ಹಚ್ಚಿ, ಆಮೇಲೆ ಅಕ್ರಿಲಿಕ್ ಹಾಕಿ. ಹಿಂದೆ ಮುಂದೆ ಎರಡೂ ಕಡೆ ಹಚ್ಚಿ, ಇಲ್ಲದಿದ್ದರೆ ಎಲೆ ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಇಷ್ಟು ತಲೆನೋವು ಬೇಡ ಅಂದರೆ ಒಳ್ಳೇ ದಪ್ಪ ಕಾಗದವನ್ನು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದಕ್ಕೆ ಕತ್ತರಿಸಿ ಕೊಡಿ. ಪೋಕರ್ ಎಲೆಯ ಅಳತೆ ಅದೇ. ಕಲಾವಿದರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುವ ಪುಟಾಣಿ ಚಿತ್ರಗಳ ಒಂದು ಪದ್ಧತಿ ಇದೆ, 1997ರಲ್ಲಿ ಜೂರಿಕ್‌ನಲ್ಲಿ ಶುರುವಾಗಿದ್ದು, ಅದಕ್ಕೂ ಇದೇ ಅಳತೆ. ಅಲ್ಲಿ ಮಾರುವ ಹಾಗಿಲ್ಲ. ನಮಗೆ ಆ ಶಿಸ್ತು ಕಟ್ಟಿಕೊಂಡರೆ ಆಗಲ್ಲ, ಬಿಡಿ.

ಅಚ್ಚಾದ ಕಟ್ಟಿನ ಚಿತ್ರವನ್ನೇ ಬಳಸುವುದಾದರೆ ಒಂದು ಎಚ್ಚರ. ರಾಜ ರಾಣಿ ಗುಲಾಮರ ಹಳೇ ರೂಪಗಳು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಇಸ್ಪೀಟು ಎಕ್ಕ, ಜೋಕರ್, ಬೆನ್ನಿನ ವಿನ್ಯಾಸಗಳಲ್ಲಿ ಕಂಪನಿಯ ಗುರುತು ಇರುತ್ತದೆ. ಅವನ್ನು ನಕಲು ಮಾಡಿ ಮಾರಬೇಡಿ.

ಮಾರಾಟದ ವಿಷಯ. ಮೊದಲ ವರ್ಷ ಹರಾಜು ಮಾಡಿದೆವು, ಅದು ನನಗೆ ಬೇಜಾರಾದ ಸಂಗತಿ. ಎಕ್ಕಕ್ಕೆ ಪೈಪೋಟಿ, ರಾಣಿಗೆ ಪೈಪೋಟಿ, ಮೂರು ಆಟಿನ್ ಕೂಗಿದಾಗ ಹಾಲೆಲ್ಲ ನಿಶ್ಶಬ್ದ. ಅದನ್ನು ಬರೆದ ಹುಡುಗ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ, ಶೂ ನೋಡಿಕೊಳ್ಳುತ್ತಾ. ಚಿತ್ರ ಪುಕ್ಕಟೆ ಕೊಟ್ಟವನಿಗೆ ನಾವು ಮಾಡಿದ ಸನ್ಮಾನ ಅದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ 1994ರಲ್ಲಿ ಒಂದು ಉಪಾಯ ಶುರು ಮಾಡಿತು: ಪೋಸ್ಟ್‌ಕಾರ್ಡ್ ಅಳತೆಯ ಚಿತ್ರಗಳು, ಎಲ್ಲಕ್ಕೂ ಒಂದೇ ಬೆಲೆ, ಕಲಾವಿದರ ಸಹಿ ಹಿಂದುಗಡೆ. ಕೊಂಡ ಮೇಲೆ ತಿರುಗಿಸಿ ನೋಡಿದರೆ ಗೊತ್ತು, ಹೆಸರಾಂತರದ್ದೋ ವಿದ್ಯಾರ್ಥಿಯದ್ದೋ ಅಂತ. ನಮ್ಮ ಇಸ್ಪೀಟಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ, ಎಲೆಗೆ ಮೊದಲೇ ಬೆನ್ನು ಇದೆಯಲ್ಲ! ಎರಡನೇ ವರ್ಷ ನಾವು ಎಲ್ಲವನ್ನೂ ಬೋರಲು ಹಾಕಿದೆವು. ಮೇಜಿನ ಮೇಲೆ ನಾಲ್ಕು ಸಾಲು, ಸಾಲಿಗೆ ಹದಿಮೂರು, ಒಂದೇ ಬೆಲೆ, ಎತ್ತಿಕೊಂಡದ್ದು ನಿಮ್ಮದು. ಅರ್ಧ ಗಂಟೆಗೆ ಮೇಜು ಖಾಲಿ. ಹರಾಜಿನಷ್ಟು ಹಣ ಬಂತಾ? ಇಲ್ಲ, ಸ್ವಲ್ಪ ಕಡಿಮೆಯೇ ಬಂತು. ಆ ಕೊರತೆ ತುಂಬಿದ್ದು ಅಚ್ಚು ಹಾಕಿಸಿದ ಕಟ್ಟುಗಳು. 52 ಚಿತ್ರಗಳನ್ನೂ ಮಾರುವ ಮುಂಚೆ ಸ್ಕ್ಯಾನ್ ಮಾಡಿಟ್ಟುಕೊಂಡು, ನಿಜವಾಗಿ ಆಡಬಹುದಾದ ಕಟ್ಟು ಮಾಡಿಸಿ ಮಾರಿದೆವು. ಇದನ್ನು ಮಾತ್ರ ತಪ್ಪಿಸಬೇಡಿ.

ನಾಲ್ಕು ಕಳಾವರ್ ಎತ್ತಿದ್ದು ಒಬ್ಬ ಮಧ್ಯವಯಸ್ಸಿನವರು. ತಿರುಗಿಸಿ ನೋಡಿ ನನ್ನ ಹತ್ತಿರ ಬಂದು, 'ಏನ್ರೀ ಇದು, ಆಡೋ ಎಲೆನೇ ಕೊಟ್ಟಿದ್ದೀರಲ್ಲ' ಅಂದರು. ಇನ್ನೊಂದು ಸಲ ನೋಡಿ ಸರ್ ಅಂದೆ. ಕಿಟಕಿ ಹತ್ತಿರ ತಗೊಂಡು ಹೋದರು. ವಾಪಸ್ ಕೇಳಲು ಬರಲಿಲ್ಲ.

ಕಡೆಗೆ ಒಂದು ಪ್ರಶ್ನೆ ಬಂತು: ಒಬ್ಬ ಕಲಾವಿದರು ಕೈಕೊಟ್ಟರೆ ಏನು ಮಾಡ್ತೀರಿ? ಒಳ್ಳೇ ಪ್ರಶ್ನೆ. ನೂರು ಚಿತ್ರಗಳ ಪ್ರದರ್ಶನದಲ್ಲಿ ಒಂದು ಬರದಿದ್ದರೆ ಯಾರಿಗೂ ಗೊತ್ತಾಗಲ್ಲ. ಇಸ್ಪೀಟಿನಲ್ಲಿ 51 ಎಲೆ ಅಂದರೆ ಕಟ್ಟೇ ಅಲ್ಲ, ಬಿಸಾಕಬೇಕು. ನಮಗೆ ಒಂಬತ್ತು ಡೈಮನ್ ಹಿಂದಿನ ರಾತ್ರಿವರೆಗೂ ಬಂದಿರಲಿಲ್ಲ, ಆವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹಾಗಾಗಿ ಇಬ್ಬರು ಕಲಾವಿದರನ್ನು ಜೋಕರ್ ಅಂತ ಮೊದಲೇ ಇಟ್ಟುಕೊಂಡಿರಿ, ಯಾವ ಎಲೆ ಬಾಕಿಯಾದರೂ ಅವರು ಕೂತು ಬರೆಯುತ್ತಾರೆ. ಜೋಕರ್ ಇರುವುದೇ ಅದಕ್ಕೆ, ಅಲ್ವಾ?

ಮತ್ತೆ, ಅಚ್ಚು ಹಾಕಿಸಿದ ಕಟ್ಟುಗಳಲ್ಲಿ ಒಂದನ್ನು ಮಾರದೆ ಎತ್ತಿಡಿ. ಪ್ರದರ್ಶನ ಮುಗಿದು ತಿಂಗಳಾದ ಮೇಲೆ ಫೋನು ಬರಲು ಶುರುವಾಗುತ್ತದೆ: ನಮ್ಮ ಕಟ್ಟಲ್ಲಿ ಎರಡು ಆಟಿನ್ ಕಾಣ್ತಿಲ್ಲ, ಒಂದು ಸಿಗುತ್ತಾ? ನಾಯಿ ಗುಲಾಮನ್ನ ಕಚ್ಚಿಹಾಕಿದೆ, ಇನ್ನೊಂದು ಇದೆಯಾ? ನಾವು ಎತ್ತಿಟ್ಟ ಕಟ್ಟಿನಿಂದ ಒಂದೊಂದಾಗಿ ಕೊಡುತ್ತಾ ಬಂದು ಈಗ 47 ಉಳಿದಿವೆ. ಇಸ್ಪೀಟು ಎಕ್ಕ ಹೋಗಿದೆ, ಆಟಿನ್ ರಾಣಿ ಹೋಗಿದ್ದಾಳೆ. ನಾಲ್ಕು ಕಳಾವರ್ ಇನ್ನೂ ನನ್ನ ಹತ್ತಿರವೇ ಇದೆ, ಯಾರೂ ಕೇಳಿಲ್ಲ. ಇಗೋ, ಜೇಬಲ್ಲಿ ತಂದಿದ್ದೇನೆ, ಹಿಂದಿನ ಸಾಲಿನವರೆಗೂ ಕೈಯಿಂದ ಕೈಗೆ ಕೊಡಿ. ವಾಪಸ್ ಬೇಕು.